ಸೂಕ್ಷ್ಮದರ್ಶಕ ಬಂದರೆ ಸಾಲದು, ಮಾರ್ಗದರ್ಶನವೂ ಬೇಕು

ಬೆಂಗಳೂರು: ಉತ್ತರ ಬೆಂಗಳೂರಿನಲ್ಲಿ ವಿಜ್ಞಾನ ಸಂಸ್ಥೆಗಳಿಗೆ ಬರವಿಲ್ಲ. ಯಶವಂತಪುರದ ಸನಿಹ ಭಾರತೀಯ ವಿಜ್ಞಾನ ಸಂಸ್ಥೆ, ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಹೆಬ್ಬಾಳ-ಯಲಹಂಕ ನಡುವಣ ಜಿಕೆವಿಕೆ ಆವರಣದಲ್ಲಿ ಕೃಷಿ ವಿಶ್ವವಿದ್ಯಾನಿಲಯ ಹಾಗೂ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಇವೆ. ಆದರೂ ಇದೇ ಭಾಗದ ಪದವಿ ಕಾಲೇಜೊಂದರ ಸಸ್ಯಶಾಸ್ತ್ರ ಅಧ್ಯಾಪಕರು ಪ್ರಯೋಗ ತರಗತಿಗೆ ನಾಲ್ಕು ಸೂಕ್ಷ್ಮದರ್ಶಕ ಬೇಕಾದರೆ ಯಾರನ್ನು ಕೇಳಬೇಕು?

2020ರ ಜನವರಿಯಲ್ಲಿ ಜಿಕೆವಿಕೆಯಲ್ಲಿ ನಡೆದ 107ನೇ ಭಾರತೀಯ ವಿಜ್ಞಾನ ಕಾಂಗ್ರೆಸ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು 'ಐ-ಸ್ಟೆಮ್' ಜಾಲತಾಣಕ್ಕೆ ಚಾಲನೆ ನೀಡಿದ್ದರು. ಸಾರ್ವಜನಿಕ ಹಣದಲ್ಲಿ ಕೊಂಡ ಉಪಕರಣಗಳನ್ನು ಸಂಶೋಧಕರು ಹಂಚಿಕೊಂಡು ಬಳಸಲಿ ಎಂಬುದು ಅದರ ಆಶಯ. ಆಶಯವೇನೋ ಒಳ್ಳೆಯದೇ. ಆದರೆ ಪದವಿ ತರಗತಿಯ ಅಗತ್ಯ ಬೇರೆ. ದುಬಾರಿ ಯಂತ್ರವೊಂದು ಬೇರೆಡೆ ಒಂದು ಗಂಟೆ ದೊರೆತರೆ ಇಲ್ಲಿ ಪ್ರಯೋಜನವಿಲ್ಲ. 400 ಪಟ್ಟು ಹಿಗ್ಗಿಸಿ ತೋರುವ ಸಾಧಾರಣ ಸೂಕ್ಷ್ಮದರ್ಶಕ ವಾರವಾರವೂ ವಿದ್ಯಾರ್ಥಿಯ ಮೇಜಿನ ಮೇಲಿರಬೇಕು.

ಅಗ್ಗದ ದಾರಿಯೂ ಇದೆ. ಸ್ಟ್ಯಾನ್‌ಫರ್ಡ್‌ನ ವಿಜ್ಞಾನಿ ಮನು ಪ್ರಕಾಶ್ ತಂಡ 2014ರಲ್ಲಿ ಪ್ರಕಟಿಸಿದ ಕಾಗದದ 'ಫೋಲ್ಡ್‌ಸ್ಕೋಪ್' ಅನ್ನು ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯೇ ದೇಶದಲ್ಲಿ ಪ್ರಚುರಪಡಿಸಿತು. ಸುಮಾರು 140 ಪಟ್ಟು ಹಿಗ್ಗಿಸುವ ಅದರಲ್ಲಿ ಎಲೆಯ ಪತ್ರರಂಧ್ರಗಳನ್ನು ಕಾಣಬಹುದು. ಆದರೆ ಈರುಳ್ಳಿ ಬೇರಿನ ತುದಿಯಲ್ಲಿ ಕೋಶ ವಿಭಜನೆಯ ಹಂತಗಳನ್ನು ಗುರುತಿಸಲು ಅದು ಸಾಲದು.

ಅಷ್ಟಕ್ಕೂ ಉಪಕರಣ ಅರ್ಧ ಭಾಗ ಮಾತ್ರ. ಬ್ಲೇಡಿನಿಂದ ಕಾಂಡವನ್ನು ತೆಳುವಾಗಿ ಸೀಳುವುದು, ಸ್ಯಾಫ್ರನಿನ್ ಬಣ್ಣವನ್ನು ಹದವಾಗಿ ಹಿಡಿಸುವುದು, ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯದಂತೆ ಕಾಯುವುದು ಪುಸ್ತಕ ಓದಿ ಬರುವ ವಿದ್ಯೆಗಳಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರನ್ನು ಅವಲಂಬಿಸಿವೆ. ಮುಂದಿನ ವರ್ಷ ತಾವು ಇರುತ್ತೇವೆಯೋ ಇಲ್ಲವೋ ತಿಳಿಯದವರು ಪ್ರಯೋಗಾಲಯವನ್ನು ಕಟ್ಟಿ ಬೆಳೆಸುವುದು ಹೇಗೆ? ಪದವಿ ಕಾಲೇಜುಗಳ ಪ್ರಯೋಗಾಲಯಗಳಿಗೆ ನೆರವಾಗುವ ಜೈವಿಕ ತಂತ್ರಜ್ಞಾನ ಇಲಾಖೆಯ 'ಸ್ಟಾರ್ ಕಾಲೇಜು' ಯೋಜನೆ 2008ರಲ್ಲೇ ಆರಂಭವಾಯಿತು. ಅದಕ್ಕೆ ಅರ್ಜಿ ಬರೆದು ಬೆನ್ನು ಹತ್ತಲೂ ಕಾಯಂ ಅಧ್ಯಾಪಕರು ಬೇಕು.

ಭಾರತೀಯ ವಿಜ್ಞಾನ ಸಂಸ್ಥೆಯು ವಿಜ್ಞಾನ ಬೋಧಕರಿಗೆ ಪ್ರಾಯೋಗಿಕ ತರಬೇತಿ ನೀಡುತ್ತಿದೆ ನಿಜ. ಆದರೆ ಅದಕ್ಕೆ ಯಲಹಂಕದವರು ಚಳ್ಳಕೆರೆ ಸಮೀಪದ ಆವರಣಕ್ಕೆ ಹೋಗಬೇಕು! ನೆರೆಯ ಸಂಸ್ಥೆಗಳು ತಲಾ ಕೆಲವು ಕಾಲೇಜುಗಳ ಹೊಣೆ ಹೊತ್ತು, ವರ್ಷಕ್ಕೆರಡು ಬಾರಿ ಉಪಕರಣ ದುರಸ್ತಿ ಮತ್ತು ಪ್ರಯೋಗ ಕಮ್ಮಟ ನಡೆಸಿದರೆ ಹೆಚ್ಚಿನ ಖರ್ಚೇನೂ ಆಗದು. ಉನ್ನತ ಶಿಕ್ಷಣ ಇಲಾಖೆ ಅದಕ್ಕೊಂದು ವ್ಯವಸ್ಥೆ ರೂಪಿಸಬೇಕಷ್ಟೆ. ಇಲ್ಲವಾದರೆ ಜೀವಕೋಶವನ್ನು ಚಿತ್ರದಲ್ಲಷ್ಟೇ ಕಂಡ ಪದವೀಧರರು ನಾಳೆ ಅದೇ ಪಾಠ ಹೇಳಲು ನಿಲ್ಲುತ್ತಾರೆ.