ರೊಟ್ಟಿಯ ಮನೆ



ಚೆಕ್ ದೇಶದ ರಾಜಧಾನಿಯಾದ ಪ್ರಾಗ್ ನಗರದ ಹಳೆಯ ಪಟ್ಟಣವನ್ನು ಕಾಣಬೇಕಾದವರು ವಾಹನವನ್ನು ಬಿಟ್ಟು ನಡೆಯಬೇಕು. ವಲ್ತಾವಾ ನದಿಗೆ ಅಡ್ಡಲಾಗಿ ನಾಲ್ಕನೆಯ ಚಾರ್ಲ್ಸ್ ದೊರೆಯು 1357ರಲ್ಲಿ ಅಡಿಗಲ್ಲಿರಿಸಿದ ಸೇತುವೆಯಿದೆ. ಅದರ ಇಕ್ಕೆಲಗಳ ಸಂತರ ವಿಗ್ರಹಗಳನ್ನು ನೋಡುತ್ತ ಪೂರ್ವದ ದಡಕ್ಕಿಳಿದರೆ ಇಕ್ಕಟ್ಟಾದ ಕಲ್ಲುಹಾಸಿನ ಬೀದಿಗಳು ಎದುರಾಗುತ್ತವೆ.

ಯಾತ್ರಿಕರ ಸಂದಣಿಯು 1410ರ ಖಗೋಲ ಗಡಿಯಾರದತ್ತ ಧಾವಿಸುತ್ತದೆ. ನಾವು ಬಲಕ್ಕೆ ಹೊರಳೋಣ. ಕೆಲವೇ ನಿಮಿಷಗಳ ನಡಿಗೆಯಲ್ಲಿ ಎರಡು ಕಡಿದಾದ ಮಾಡುಗಳುಳ್ಳ ಸರಳವಾದ ಕಟ್ಟಡವೊಂದು ಕಾಣುವುದು. ಅದೇ ಬೆತ್ಲೆಹೆಮ್ ಪ್ರಾರ್ಥನಾ ಮಂದಿರ. ಪೂಜಾವಿಧಿಗಳೆಲ್ಲ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿದ್ದ ಕಾಲದಲ್ಲಿ, ಚೆಕ್ ನುಡಿಯ ಬೋಧನೆಗೆಂದೇ 1391ರಲ್ಲಿ ಇದು ಸ್ಥಾಪಿತವಾಯಿತು. ಬೆತ್ಲೆಹೆಮ್ ಎಂಬ ಹೀಬ್ರೂ ಪದಕ್ಕೆ ‘ರೊಟ್ಟಿಯ ಮನೆ’ ಎಂದರ್ಥ. ಸಾಮಾನ್ಯರಿಗೆ ಬೋಧನೆಯೇ ಆಹಾರವಾಗಲೆಂಬುದು ಸ್ಥಾಪಕರ ಆಶಯ. ಜ್ಞಾನದಾಸೋಹವನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

1402ರಿಂದ ಇಲ್ಲಿ ಬೋಧಿಸಿದವರು ಯಾನ್ ಹುಸ್. ಹಣಕ್ಕೆ ಪಾಪಕ್ಷಮೆಯನ್ನು ಮಾರುವುದನ್ನು ಅವರು ಖಂಡಿಸಿದರು. ಅಭಯಪತ್ರವನ್ನು ನಂಬಿ ಕಾನ್‌ಸ್ಟನ್ಸ್ ನಗರದ ಧರ್ಮಸಭೆಗೆ ಹೋದ ಅವರನ್ನು 1415ರ ಜುಲೈ 6ರಂದು ಜೀವಂತವಾಗಿ ಸುಟ್ಟು, ಬೂದಿಯನ್ನು ರೈನ್ ನದಿಗೆ ಚೆಲ್ಲಿದರು. 1786ರಲ್ಲಿ ಮಂದಿರವನ್ನೂ ಕೆಡವಿದರು. ಆದರೆ ನೆನಪು ಅಳಿಯಲಿಲ್ಲ. ಐದುನೂರು ವರ್ಷ ತುಂಬಿದ 1915ರಲ್ಲಿ ಹಳೆಯ ಪಟ್ಟಣದ ಚೌಕದಲ್ಲಿ ಅವರ ಸ್ಮಾರಕವೆದ್ದಿತು. ದೇವರನ್ನೊಪ್ಪದ ಕಮ್ಯುನಿಸ್ಟ್ ಸರಕಾರವೇ 1950ರ ದಶಕದಲ್ಲಿ, ಉಳಿದಿದ್ದ ಗೋಡೆಗಳನ್ನು ಸೇರಿಸಿಕೊಂಡು ಮಂದಿರವನ್ನು ಮತ್ತೆ ಕಟ್ಟಿಸಿತು. 1999ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಹುಸ್ ಅವರ ಕ್ರೂರ ಮರಣಕ್ಕಾಗಿ ಆಳವಾದ ವಿಷಾದವನ್ನು ವ್ಯಕ್ತಪಡಿಸಿದರು.

ಆ ಮಂದಿರದ ಬೋಧನಾ ಪೀಠದ ಕೆಳಗೆ ನಿಂತಾಗ ನನ್ನ ಹಳೆಯ ತಪ್ಪೊಂದು ನೆನಪಾಯಿತು. ಮಠದಲ್ಲಿ ಓದು ಮುಗಿಸಿದ ಹೊಸತರಲ್ಲಿ, ಹಳ್ಳಿಯೊಂದರ ಪುರಾಣ ಕಟ್ಟೆಯ ಮೇಲೆ ಕುಳಿತು ಸಂಸ್ಕೃತ ವಾಕ್ಯಗಳನ್ನೇ ಸುರಿಮಳೆಗರೆದಿದ್ದೆ. ಮುಗಿದ ಬಳಿಕ ವೃದ್ಧೆಯೊಬ್ಬಳು ಕೈಮುಗಿದು, “ಚಲೋ ಹೇಳಿದ್ರಿ ಯಪ್ಪಾ, ನಮಗ ಒಂದೂ ತಿಳೀಲಿಲ್ಲ” ಎಂದಳು. ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಅವಳ ನುಡಿಯಲ್ಲಿ ಅನುಭಾವವನ್ನು ಬಡಿಸಿದ್ದರು. ನಾನು ಅವಳನ್ನು ಹಸಿದ ಹೊಟ್ಟೆಯಲ್ಲಿ ಮನೆಗೆ ಕಳಿಸಿದ್ದೆ.

ಇಂದು ನಮ್ಮ ಕಪಾಟುಗಳಲ್ಲಿ ವಚನ ಸಂಪುಟಗಳಿವೆ; ಅವನ್ನು ಓದಲಾರದ ಮೊಮ್ಮಕ್ಕಳೂ ನಮ್ಮ ಮನೆಗಳಲ್ಲಿದ್ದಾರೆ. ಇದು ಯಾರೂ ಕೆಡವದೆ ತಾನಾಗಿ ಬೀಳುವ ಮಂದಿರ. ದಿನಕ್ಕೊಂದು ವಚನವನ್ನು ಮಗುವನ್ನು ಬಳಿ ಕೂರಿಸಿಕೊಂಡು ಓದಿ, ಅದಕ್ಕೆ ತಿಳಿಯುವಂತೆ ಅರ್ಥ ಹೇಳೋಣ. ಇಂದಿನ ಸಂಜೆಯೇ ಆರಂಭವಾಗಲಿ.