ನಿಂತ ಕಾರಿಗೂ ಸವಕಳಿ ಉಂಟು

ಸವಕಳಿ ಎಂಬ ಪದವನ್ನು ನಾನು ಕಲಿತದ್ದು ಬಿ.ಕಾಂ. ತರಗತಿಯಲ್ಲಿ. ಹತ್ತು ಸಾವಿರಕ್ಕೆ ಕೊಂಡ ಯಂತ್ರ ಹತ್ತು ವರ್ಷ ಬಾಳುವುದಾದರೆ ವರ್ಷಕ್ಕೆ ಸಾವಿರದಂತೆ ಅದರ ಬೆಲೆ ಇಳಿಸಬೇಕು. ಯಂತ್ರ ಓಡಲಿ, ಮೂಲೆಯಲ್ಲಿ ಕೂತಿರಲಿ, ಮಾರ್ಚ್ 31 ಬಂತೆಂದರೆ ಸಾವಿರ ಇಳಿಯಿತು. ಕಾರಿನ ಎಂಜಿನ್ನಿಗೂ ಇದೇ ಲೆಕ್ಕ.

ನಮ್ಮ ಬೀದಿಯಲ್ಲಿ ನನ್ನಂಥ ನಿವೃತ್ತರ ಕಾರುಗಳು ಏಳೆಂಟಿವೆ. ವಾರಕ್ಕೊಮ್ಮೆ ದೇವಸ್ಥಾನ, ತಿಂಗಳಿಗೊಮ್ಮೆ ಡಾಕ್ಟರು, ಉಳಿದ ದಿನ ಹೊದಿಕೆಯೊಳಗೆ ನಿದ್ದೆ. “ಓಡಿಸೋದೇ ಇಲ್ಲವಲ್ಲ ತಾತ, ಸರ್ವೀಸ್ ಯಾಕೆ?” ಎಂದು ನನ್ನ ಮೊಮ್ಮಗಳೂ ಕೇಳಿದಳು. ಒಳ್ಳೆಯ ಪ್ರಶ್ನೆ.

ಮಕ್ಕಳೇ, ಮೊದಲು ಓಡುವ ಕಾರಿನ ಲೆಕ್ಕ ಮಾಡೋಣ. ಪೆಟ್ರೋಲ್ ಎಂಜಿನ್ನಿಗೆ ನಾಲ್ಕು ಕೆಲಸ: ಗಾಳಿ-ಪೆಟ್ರೋಲನ್ನು ಒಳಗೆಳೆಯುವುದು, ಒತ್ತುವುದು, ಕಿಡಿಯಿಂದ ಉರಿಸುವುದು, ಹೊಗೆ ಹೊರದಬ್ಬುವುದು. ಇಷ್ಟಕ್ಕೆ ಎಂಜಿನ್ ಎರಡು ಸುತ್ತು ತಿರುಗುತ್ತದೆ. ನಿಮಿಷಕ್ಕೆ 3000 ಸುತ್ತಾದರೆ ಒಂದೊಂದು ಸ್ಪಾರ್ಕ್ ಪ್ಲಗ್ 1500 ಸಲ ಪೆಟ್ರೋಲ್ ಹೊತ್ತಿಸಬೇಕು. ಗಂಟೆಗೆ 90,000 ಸಲ! ಅದರ ತುದಿ ಸವೆಯದೆ ಇದ್ದೀತೇ? ಸವೆದರೆ ಕಿಡಿ ಸೋಲುತ್ತದೆ, ಕಾರು ಜಗ್ಗುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಏರ್ ಫಿಲ್ಟರ್ ಧೂಳನ್ನು ತಡೆದು ತಡೆದು ತಾನೇ ಕಟ್ಟಿಕೊಳ್ಳುತ್ತದೆ. ಆಯಿಲ್ ಲೋಹಕ್ಕೆ ಲೋಹ ಉಜ್ಜದಂತೆ ನೋಡಿಕೊಳ್ಳುತ್ತಾ ತಾನು ಕಪ್ಪಾಗುತ್ತದೆ. ಅಗ್ಗದ ವಸ್ತುಗಳು ಸವೆದು ದುಬಾರಿ ಎಂಜಿನ್ನನ್ನು ಕಾಯುತ್ತವೆ.

ಇನ್ನು ನಿಂತ ಕಾರು. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ದೂರ ಓಡಿದರೆ ಎಂಜಿನ್ ಚೆನ್ನಾಗಿ ಬಿಸಿಯಾಗಿ ಆ ತೇವ ಆರಿಹೋಗುತ್ತದೆ. ದೇವಸ್ಥಾನದವರೆಗೆ ಹೋಗಿಬಂದರೆ ಅದು ಆಯಿಲ್‌ನಲ್ಲೇ ಉಳಿಯುತ್ತದೆ. ರಬ್ಬರ್ ಬೆಲ್ಟು, ಪೈಪುಗಳು ನಿಂತಲ್ಲೇ ಗಟ್ಟಿಯಾಗಿ ಬಿರಿಯುತ್ತವೆ. ಬ್ಯಾಟರಿ ಸೊರಗುತ್ತದೆ. ಅದಕ್ಕೇ ಕಾರಿನ ಜೊತೆ ಬರುವ ಪುಸ್ತಕದಲ್ಲಿ ಕಿಲೋಮೀಟರ್ ಮತ್ತು ತಿಂಗಳು ಎರಡನ್ನೂ ಬರೆದು, ಯಾವುದು ಮೊದಲು ಬರುತ್ತದೋ ಅದು ಎಂದಿರುತ್ತಾರೆ. ಈಗಿನ ಅನೇಕ ಪೆಟ್ರೋಲ್ ಕಾರುಗಳಿಗೆ ಆಯಿಲ್ ಬದಲಾವಣೆ 10,000 ಕಿ.ಮೀ. ಅಥವಾ ಒಂದು ವರ್ಷಕ್ಕೆ.

ನಮ್ಮ ಬೀದಿಯ ನಿವೃತ್ತ ಮೇಷ್ಟರೊಬ್ಬರ ಕಾರು ಹನ್ನೆರಡು ವರ್ಷದಲ್ಲಿ ಓಡಿದ್ದು ಮೂವತ್ತು ಸಾವಿರ ಕಿಲೋಮೀಟರ್ ಅಷ್ಟೇ. ಮೊಮ್ಮಕ್ಕಳನ್ನು ಕೂರಿಸಿಕೊಂಡು ಹಾಸನಕ್ಕೆ ಹೊರಟಾಗ ಹೆದ್ದಾರಿಯ ಮಧ್ಯೆ ಎಂಜಿನ್ ನಿಂತುಹೋಯಿತು. ಹಿಂದಿನಿಂದ ಲಾರಿಗಳು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಕಡಿದಿದ್ದು ಟೈಮಿಂಗ್ ಬೆಲ್ಟ್. ಪಿಸ್ಟನ್ ಮತ್ತು ವಾಲ್ವ್‌ಗಳ ತಾಳ ಹೊಂದಿಸುವ ರಬ್ಬರ್ ಪಟ್ಟಿ ಅದು. ತಾಳ ತಪ್ಪಿ ಪಿಸ್ಟನ್ ಬಡಿದು ವಾಲ್ವ್‌ಗಳೇ ಬಾಗಿದ್ದವು. ಬೆಲ್ಟಿನ ಖರ್ಚು ಉಳಿಯಿತು, ಎಂಜಿನ್ ಬಿಚ್ಚುವ ಖರ್ಚು ಬಂತು. ಎಲ್ಲ ಕಾರಿಗೂ ಬೆಲ್ಟ್ ಇರುವುದಿಲ್ಲ, ಎಷ್ಟೋ ಕಾರುಗಳಿಗೆ ಚೈನ್ ಇರುತ್ತದೆ. ನಿಮ್ಮದು ಯಾವುದು ಎಂದು ಮೆಕ್ಯಾನಿಕ್ಕನ್ನು ಕೇಳಿ.

ಹಾಗೆಂದು ಮೆಕ್ಯಾನಿಕ್ ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕಿಲ್ಲ. ಬ್ಯಾಂಕಿನಲ್ಲಿ ವೋಚರ್ ಇಲ್ಲದೆ ಹಣ ಕೊಡುತ್ತಿರಲಿಲ್ಲ. ಇಲ್ಲಿ ಹಳೆಯ ಭಾಗವೇ ವೋಚರ್. ಬಿರಿದ ಬೆಲ್ಟು, ಕಪ್ಪಾದ ಫಿಲ್ಟರ್, ಸವೆದ ಪ್ಲಗ್ ತೋರಿಸಿ ಎಂದು ನಗುತ್ತಲೇ ಕೇಳಿ. ಒಳ್ಳೆಯ ಮೆಕ್ಯಾನಿಕ್ ತಾನಾಗಿಯೇ ತೋರಿಸುತ್ತಾನೆ.

ಮಕ್ಕಳೇ, ಈ ಭಾನುವಾರ ಅಜ್ಜ-ಅಜ್ಜಿಯ ಜೊತೆ ಒಂದು ಕೆಲಸ ಮಾಡಿ. ಕಾರು ಸಮತಟ್ಟಾದ ಜಾಗದಲ್ಲಿರಲಿ, ಎಂಜಿನ್ ಆರಿ ತಣ್ಣಗಾಗಿರಲಿ. ದೊಡ್ಡವರು ಬಾನೆಟ್ ಎತ್ತಲಿ. ಆಯಿಲ್ ನೋಡುವ ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಪೂರ್ತಿ ಇಳಿಸಿ ತೆಗೆಯಿರಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ರೇಡಿಯೇಟರ್ ಮುಚ್ಚಳವನ್ನು ಮಾತ್ರ ಮುಟ್ಟಬೇಡಿ, ಬಿಸಿಯಿದ್ದಾಗ ತೆರೆದರೆ ಕುದಿನೀರು ಚಿಮ್ಮುತ್ತದೆ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ: ತಾರೀಖು, ಕಿಲೋಮೀಟರ್, ಬದಲಾಯಿಸಿದ ಭಾಗ. ಲೆಕ್ಕ ಬರೆಯುವ ಜವಾಬ್ದಾರಿ ನಿಮ್ಮದು, ಸಹಿ ಹಾಕುವುದು ಅಜ್ಜನದೋ ಅಜ್ಜಿಯದೋ ಇರಲಿ.