ಹುಚ್ಚು ಹಿಡಿದದ್ದು ಮೀನಿಗಲ್ಲ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಶಾಲೆಯ ಪಡಸಾಲೆಗೆ ಹಳೆಯ ವಿದ್ಯಾರ್ಥಿಯೊಬ್ಬರು ಒಂದು ಗಾಜಿನ ತೊಟ್ಟಿಯನ್ನು ದಾನವಾಗಿ ಕೊಟ್ಟರು. ಅಂಗಡಿಯವನು ಬಣ್ಣದ ಮೀನುಗಳ ಜೊತೆಗೆ ಹೆಬ್ಬೆರಳಿನಷ್ಟು ಉದ್ದದ, ಮೀಸೆಯ ಮೂರು ಬೆಕ್ಕುಮೀನುಗಳನ್ನೂ ಬಿಟ್ಟುಹೋದ. "ಇವು ಕ್ಲೀನಿಂಗ್ ಮೀನು ಮೇಡಂ. ಇವಕ್ಕೆ ಬೇರೆ ಊಟ ಹಾಕಬೇಡಿ, ತಳದ ಕಸ ತಿಂದುಕೊಂಡು ಇರ್ತವೆ" ಎಂದ. ನಾವು ನಂಬಿದೆವು. ಸಂಬಳವಿಲ್ಲದೆ ಗುಡಿಸುವವರು ಸಿಕ್ಕರೆ ಯಾರಿಗೆ ಬೇಡ?

ಒಂದು ಸೋಮವಾರ ಬೆಳಿಗ್ಗೆ ಆ ಮೀನುಗಳು ತಳದಿಂದ ಬಾಣದಂತೆ ಮೇಲಕ್ಕೆ ನೆಗೆದು, ನೀರಿನ ಮೇಲೆ ಬಾಯಿ ತೆರೆದು, ಮತ್ತೆ ತಳಕ್ಕೆ ಇಳಿಯತೊಡಗಿದವು. ಒಂದು ಸಲವಲ್ಲ, ಹತ್ತಾರು ಸಲ. ಸ್ಟಾಫ್ ರೂಮಿನಲ್ಲಿ ಅದೇ ಚರ್ಚೆ. ಹುಚ್ಚು ಹಿಡಿದಿದೆ ಎಂದರು ಒಬ್ಬರು. ಮಳೆಯ ಸೂಚನೆ ಎಂದರು ಇನ್ನೊಬ್ಬರು. ತೊಟ್ಟಿ ಇಟ್ಟ ದಿಕ್ಕೇ ಸರಿಯಿಲ್ಲ ಎಂದರು ಮತ್ತೊಬ್ಬರು. ಕೊನೆಗೆ ಹೆಡ್‌ಮಾಸ್ಟರು, "ಗಲೀಜಾಗಿದೆ, ಪೂರ್ತಿ ತೊಳೆಸಿ" ಎಂದು ಅಪ್ಪಣೆ ಕೊಟ್ಟರು. ಇದ್ದ ನೀರನ್ನೆಲ್ಲ ಚೆಲ್ಲಿ, ಕಲ್ಲುಗಳನ್ನೂ ಫಿಲ್ಟರಿನ ಸ್ಪಂಜನ್ನೂ ನಲ್ಲಿಯ ಕೆಳಗೆ ಉಜ್ಜಿ, ಹೊಸ ನಲ್ಲಿ ನೀರು ತುಂಬಿ, ಮೇಲೆ ನೀಲಿ ಔಷಧಿಯ ನಾಲ್ಕು ತೊಟ್ಟು ಬಿಟ್ಟದ್ದಾಯಿತು. ಶನಿವಾರದ ಹೊತ್ತಿಗೆ ಮೂರೂ ಸತ್ತಿದ್ದವು.

"ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ" ಎಂಬ ಗಾದೆಯನ್ನು ಮಕ್ಕಳಿಗೆ ಇಪ್ಪತ್ತೈದು ವರ್ಷ ವಿಸ್ತರಿಸಿ ಬರೆಸಿದವಳು ನಾನು. ಅದರ ಅರ್ಥ ನನಗೆ ತಿಳಿದದ್ದು ಆ ಶನಿವಾರ.

ಆಮೇಲೆ ಹುಡುಕಿ ಓದಿದೆ. ಆ ಮೀನಿನ ಹೆಸರು ಕೋರಿಡೋರಾಸ್, ಊರು ದಕ್ಷಿಣ ಅಮೆರಿಕ. ಕಿವಿರುಗಳಿಂದ ಉಸಿರಾಡುವುದಲ್ಲದೆ ಇದು ಕರುಳಿನಿಂದಲೂ ಉಸಿರಾಡುತ್ತದೆ. ಮೇಲೆ ಬಂದು ನುಂಗಿದ ಗಾಳಿಯಿಂದ ಕರುಳಿನ ಹಿಂಭಾಗದ ತೆಳುವಾದ ಗೋಡೆ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಉಳಿದದ್ದು ಹಿಂದಿನಿಂದ ಹೊರಬೀಳುತ್ತದೆ. ಆರೋಗ್ಯವಾಗಿರುವ ಮೀನೂ ಆಗಾಗ ಹೀಗೆ ಮೇಲೆ ಬಂದು ಹೋಗುತ್ತದೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದಷ್ಟೂ ಹೆಚ್ಚು ಸಲ ಬರುತ್ತದೆ. ಎಂದರೆ ಮೀನು ತನಗೆ ಗೊತ್ತಿದ್ದ ಒಂದೇ ಬುದ್ಧಿವಂತಿಕೆಯ ಕೆಲಸ ಮಾಡುತ್ತಿತ್ತು. ಅದನ್ನು ನಾವು ಹುಚ್ಚು ಎಂದೆವು.

ನಮ್ಮ "ಚಿಕಿತ್ಸೆ"ಯಾದರೋ ಕೊಲೆಯೇ. ಮೀನಿನ ವಿಸರ್ಜನೆಯಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ, ಅದು ವಿಷ. ಸ್ಪಂಜಿನಲ್ಲಿ, ಕಲ್ಲುಗಳ ಮೈಮೇಲೆ ನೆಲೆನಿಂತ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಈ ಸಂಸಾರ ನೆಲೆಗೊಳ್ಳಲು ವಾರಗಳೇ ಬೇಕು. ನಾವು ಅದನ್ನು ಒಂದು ಬೆಳಿಗ್ಗೆ ತೊಳೆದು ಚರಂಡಿಗೆ ಬಿಟ್ಟೆವು. ಸಾಲದ್ದಕ್ಕೆ ಕ್ಲೋರಿನ್ ಇದ್ದ ನಲ್ಲಿ ನೀರು. ಕಸ ತಿಂದು ಬದುಕುತ್ತವೆ ಎಂಬುದೂ ಸುಳ್ಳು. ತಳಕ್ಕೆ ಇಳಿಯುವ ಆಹಾರ ಹಾಕದಿದ್ದರೆ ಅವು ಮೆಲ್ಲಗೆ ಹಸಿವಿನಿಂದ ಸೊರಗುತ್ತವೆ.

ಹಾಗಾದರೆ ಸೋಮವಾರವೇ ಯಾಕೆ? ಇದಕ್ಕೆ ಉತ್ತರ ಯಾವ ಪುಸ್ತಕದಲ್ಲೂ ಇರಲಿಲ್ಲ. ಏಳನೇ ತರಗತಿಯ ಒಬ್ಬ ಹುಡುಗಿಯ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿತ್ತು. ಕಿಟಕಿಯ ಪಕ್ಕ ಕೂರುತ್ತಿದ್ದ ಅವಳಿಗೆ ತೊಟ್ಟಿ ಕಾಣುತ್ತಿತ್ತು. ಪಾಠದ ನಡುವೆ ಅತ್ತ ನೋಡುತ್ತಾಳೆಂದು ನಾನು ಎರಡು ಸಲ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಮೀನುಗಳು ಸತ್ತ ಮೇಲೆ ಆ ಹಾಳೆಯನ್ನು ತಂದು ತೋರಿಸಿದಳು. ಮೀನು ಮೇಲೆ ಬಂದಾಗಲೆಲ್ಲ ಒಂದೊಂದು ಗೆರೆ. ಸೋಮವಾರದ ಸಾಲುಗಳಲ್ಲಿ ಗೆರೆಗಳು ಅಂಚು ದಾಟಿದ್ದವು. ಗುರುವಾರ ನಾಲ್ಕೋ ಐದೋ.

"ಶನಿವಾರ ಮಧ್ಯಾಹ್ನ ಮೋಟಾರ್ ಆಫ್ ಮಾಡ್ತಾರಲ್ಲ ಮಿಸ್, ಅದಕ್ಕೇ ಇರಬೇಕು" ಎಂದಳು.

ಕರೆಂಟು ಉಳಿಯಲಿ ಎಂದು ಆ ಸ್ವಿಚ್ಚು ಆರಿಸಿ ಹೋಗುತ್ತಿದ್ದವಳು ನಾನೇ.

"ವಿಚಿತ್ರ ವರ್ತನೆ" ಎಂಬ ಮಾತಿನ ಮೇಲೇ ನನ್ನ ತಕರಾರು. ಯಾರಿಗೆ ವಿಚಿತ್ರ? ಆಫ್ರಿಕಾದ ಕಾಂಗೋ ಸೀಮೆಯ ಒಂದು ಬೆಕ್ಕುಮೀನು ಸದಾ ಬೆನ್ನು ಕೆಳಗೆ ಮಾಡಿ ಈಜುತ್ತದೆ. ಬೇರೆ ಮೀನುಗಳಿಗೆ ಬೆನ್ನು ಕಪ್ಪು, ಹೊಟ್ಟೆ ಬಿಳಿ. ಇದಕ್ಕೆ ಹೊಟ್ಟೆಯೇ ಹೆಚ್ಚು ಕಪ್ಪು. ಅದನ್ನು ಸಾಯುತ್ತಿದೆ ಎಂದು ತೊಟ್ಟಿಯಿಂದ ಎತ್ತಿ ಎಸೆದರೆ ತಪ್ಪು ಯಾರದು? ನಮ್ಮ ಮಲೆನಾಡಿನ ಮುರುಗೋಡು ಮೀನು ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಹೊರಳಾಡುತ್ತ ಸಾಗಿದರೆ ಅಲ್ಲಿಯವರು ಯಾರೂ ಅದಕ್ಕೆ ಹುಚ್ಚು ಎನ್ನುವುದಿಲ್ಲ. ಅವರು ಅದನ್ನು ಬಲ್ಲರು.

ಬಲ್ಲವರೆನಿಸಿಕೊಂಡವರೂ ಎಡವಿದ್ದುಂಟು. ಮೀನಿಗೆ ಕಿವಿ ಕೇಳುವುದಿಲ್ಲ ಎಂದು ವಿದ್ವಾಂಸರು ವಾದಿಸುತ್ತಿದ್ದ ಕಾಲದಲ್ಲಿ ಕಾರ್ಲ್ ಫಾನ್ ಫ್ರಿಶ್ ಕಣ್ಣಿಲ್ಲದ ಒಂದು ಬೆಕ್ಕುಮೀನಿಗೆ ಸಿಳ್ಳೆ ಹಾಕಿ ಊಟ ಕೊಟ್ಟರು. ಕೆಲವು ದಿನಗಳಲ್ಲಿ ಅದು ಬರೀ ಸಿಳ್ಳೆಗೇ ತನ್ನ ಗೂಡಿನಿಂದ ಹೊರಬರತೊಡಗಿತು. ಇದನ್ನು ಅವರು 1923ರಲ್ಲಿ ಪ್ರಕಟಿಸಿದರು. ಜೇನುಹುಳುಗಳ ನೃತ್ಯಭಾಷೆಯನ್ನು ಬಿಡಿಸಿ 1973ರಲ್ಲಿ ನೊಬೆಲ್ ಪಡೆದವರೂ ಇವರೇ. ಅದಕ್ಕೂ ಮುಂಚೆ, 1917ರಲ್ಲಿ, ಪಾರ್ಕರ್ ಮತ್ತು ವಾನ್ ಹ್ಯೂಸೆನ್ ಎಂಬುವರು ಕಣ್ಣು ಮುಚ್ಚಿದ ಬೆಕ್ಕುಮೀನಿನ ಬಳಿ ಲೋಹದ ಕಡ್ಡಿ ತಂದರೆ ಅದು ಮುಟ್ಟುವ ಮೊದಲೇ ಅರಿಯುತ್ತದೆ, ಗಾಜಿನ ಕಡ್ಡಿಯಾದರೆ ಮುಟ್ಟುವ ತನಕ ಸುಮ್ಮನಿರುತ್ತದೆ ಎಂದು ತೋರಿಸಿದರು. ನೀರಿನಲ್ಲಿನ ಸೂಕ್ಷ್ಮ ವಿದ್ಯುತ್ತು ಅದಕ್ಕೆ ತಿಳಿಯುತ್ತದೆ. ಅದರ ಮೀಸೆಯಲ್ಲಿ ಮಾತ್ರವಲ್ಲ, ಮೈಯ ಮೇಲೆಲ್ಲ ರುಚಿಮೊಗ್ಗುಗಳಿವೆ. ಹೀಗೆ ಮೈಯೆಲ್ಲ ನಾಲಿಗೆಯಾದ ಜೀವವನ್ನು ಕೊಳೆನೀರಿನಲ್ಲಿಟ್ಟು, ಅದು ಯಾಕೆ ಚಡಪಡಿಸುತ್ತದೆ ಎಂದು ನಾವು ಕೇಳುತ್ತೇವೆ!

ಹಾಗಾದರೆ ಮೀನಿಗೆ ಕಾಯಿಲೆಯೇ ಬರುವುದಿಲ್ಲವೇ ಎಂದು ನೀವು ಕೇಳಬಹುದು. ಬರುತ್ತದೆ. ಮೀಸೆ ಸವೆದು ಗಿಡ್ಡವಾದರೆ, ಕಿವಿರು ಬಿಡುವಿಲ್ಲದೆ ಬಡಿದುಕೊಂಡರೆ, ಪಕ್ಕಕ್ಕೆ ವಾಲಿದರೆ, ಗಾಜಿನುದ್ದಕ್ಕೂ ಮೇಲೆ ಕೆಳಗೆ ಓಡುತ್ತಲೇ ಇದ್ದರೆ ಏನೋ ಕೆಟ್ಟಿದೆ. ಆದರೆ ಮೊದಲು ಪರೀಕ್ಷೆ ಮಾಡಬೇಕಾದದ್ದು ನೀರನ್ನು. ದಿನದ ನಡತೆ ಗೊತ್ತಿಲ್ಲದವರಿಗೆ ಬದಲಾದ ನಡತೆ ತಿಳಿಯುವುದಾದರೂ ಹೇಗೆ?

ಇಪ್ಪತ್ತು ಮೂವತ್ತು ರೂಪಾಯಿಯ ಮೀನಿಗೆ ಇಷ್ಟೊಂದು ರಾಮಾಯಣವೇ ಎನ್ನುವವರೂ ಇದ್ದಾರೆ. ಅವರಿಗೆ ಅಂಗಡಿಗಳಲ್ಲಿ "ಸಕ್ಕರ್" ಎಂದು ಮಾರುವ ಇನ್ನೊಂದು ಬೆಕ್ಕುಮೀನಿನ ಕಥೆ ಹೇಳುತ್ತೇನೆ. ಬೆರಳಿನಷ್ಟಿದ್ದಾಗ ತಂದದ್ದು ಒಂದು ಅಡಿ ದಾಟಿ ಬೆಳೆಯುತ್ತದೆ. ಅದು ರಾತ್ರಿಯ ಜೀವ. ಹಗಲೆಲ್ಲ ಅವಿತರೆ ಸೋಮಾರಿ ಎನ್ನುತ್ತೇವೆ, ದೊಡ್ಡದಾದರೆ ಪೀಡೆ ಎಂದು ಕೆರೆಗೆ ಬಿಡುತ್ತೇವೆ. ಕೇರಳ, ಆಂಧ್ರ, ತಮಿಳುನಾಡುಗಳ ನೀರಿನಲ್ಲಿ ಇವು ಬೇರೂರಿ ಮೀನುಗಾರರ ಬಲೆ ಹರಿಯುತ್ತಿವೆ. ಮನೆಯ ತೊಟ್ಟಿಯ ಅಜ್ಞಾನ ತೊಟ್ಟಿಯಲ್ಲೇ ನಿಲ್ಲುವುದಿಲ್ಲ.

ಈಗ ಪಡಸಾಲೆಯಲ್ಲಿ ಮತ್ತೆ ತೊಟ್ಟಿಯಿದೆ. ಅದರ ಸ್ವಿಚ್ಚಿನ ಮೇಲೆ "ಆರಿಸಬಾರದು" ಎಂದು ನಾನೇ ಬರೆದು ಅಂಟಿಸಿದ್ದೇನೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುತ್ತೇವೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡುತ್ತೇವೆ. ಪಕ್ಕದಲ್ಲೊಂದು ನೋಟ್‌ಬುಕ್ ತೂಗುಹಾಕಿದೆ. ಪಾಠದ ಹೊತ್ತಿನಲ್ಲಿ ಯಾರಾದರೂ ಅತ್ತ ನೋಡಿದರೆ ನಾನು ನಿಲ್ಲಿಸುವುದಿಲ್ಲ, ಏನು ಕಂಡಿತು ಎಂದು ಕೇಳುತ್ತೇನೆ.

ಆ ಹುಡುಗಿಯ ಬಳಿ ನಾನು ತಪ್ಪಾಯಿತು ಎಂದೆನೇ? ಇಲ್ಲ. ಬಿ.ಎಡ್. ಮಾಡಿದವರಿಗೆ ಆ ಮಾತು ಸುಲಭವಾಗಿ ಬಾಯಿಗೆ ಬರುವುದಿಲ್ಲ. ಅವಳು ಹೈಸ್ಕೂಲಿಗೆ ಹೋದಳು. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.